ಕಾಂಪೌಂಡಾ, ಕೂವರ್ಚರಾ? ಎರಡನ್ನೂ ಕರಗಿಸಿ ನೋಡಿದ ಮೇಲೆ

ಬೆಂಗಳೂರಿನ ಬೇಕಿಂಗ್ ಸಾಮಾನಿನ ಅಂಗಡಿಗೆ ಹೋದರೆ ಎರಡು ಬಗೆಯ ಚಾಕೊಲೇಟ್ ಸ್ಲ್ಯಾಬ್ ತೋರಿಸುತ್ತಾರೆ, ಕಾಂಪೌಂಡ್ ಮತ್ತು ಕೂವರ್ಚರ್. ನಾನು ಎರಡನ್ನೂ ತಂದು ಅಚ್ಚಿಗೆ ಹಾಕಿದ್ದೇನೆ. ಈಗ ತರುವುದು ಕೂವರ್ಚರ್ ಮಾತ್ರ. ದುಡ್ಡು ಜಾಸ್ತಿ, ಕೆಲಸವೂ ಜಾಸ್ತಿ, ಆದರೂ ಅದೇ.

ಕಾರಣ ಕೊಬ್ಬು. ಕೂವರ್ಚರ್‌ನಲ್ಲಿ ಕೋಕೋ ಬೆಣ್ಣೆ ಇರುತ್ತದೆ. ಸರಿಯಾಗಿ ಗಟ್ಟಿಯಾದದ್ದು ಸುಮಾರು 34 ಡಿಗ್ರಿಗೆ ಕರಗುತ್ತದೆ, ಅಂದರೆ ನಾಲಿಗೆ ಮೇಲಿಟ್ಟರೆ ಸಾಕು. ಕಾಂಪೌಂಡ್‌ನಲ್ಲಿ ಅದರ ಬದಲು ಬೇರೆ ಕೊಬ್ಬು, ಹೆಚ್ಚಾಗಿ ತಾಳೆ ಬೀಜದ ಎಣ್ಣೆಯಿಂದ ಮಾಡಿದ್ದು. ನಾನು ತಂದ ಕಾಂಪೌಂಡ್ ತಿಂದ ಮೇಲೆ ಅಂಗುಳಿನ ಜಿಡ್ಡು ಬಿಸಿ ಕಾಫಿ ಕುಡಿದರೂ ಹೋಗಲಿಲ್ಲ.

ಸುಲಭ ಅನ್ನುವುದಾದರೆ ಕಾಂಪೌಂಡೇ. ಕರಗಿಸಿ, ಸುರಿದು, ಫ್ರಿಜ್‌ನಲ್ಲಿಟ್ಟರೆ ಮುಗಿಯಿತು.

ಕೂವರ್ಚರ್‌ನ ತಲೆನೋವು ಟೆಂಪರಿಂಗ್, ಅಂದರೆ ಕರಗಿಸಿದ್ದನ್ನು ಹದವಾದ ಬಿಸಿಗೆ ಇಳಿಸಿ ಸರಿಯಾಗಿ ಗಟ್ಟಿಯಾಗುವಂತೆ ಮಾಡುವುದು. ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಆರು ಬಗೆಯ ಹರಳು ಕಟ್ಟಬಲ್ಲದು, ನಮಗೆ ಬೇಕಾದದ್ದು ಐದನೆಯದು ಮಾತ್ರ. ಅದಾದರೆ ಹೊಳಪು ಬರುತ್ತದೆ, ಮುರಿದಾಗ ಟಕ್ ಅನ್ನುತ್ತದೆ, ಗಟ್ಟಿಯಾಗುತ್ತಾ ಕುಗ್ಗುವುದರಿಂದ ಅಚ್ಚನ್ನು ಮಗುಚಿದರೆ ತಾನೇ ಬೀಳುತ್ತದೆ. ಸುಮ್ನೆ ಕರಗಿಸಿ ಆರಲು ಬಿಟ್ಟರೆ ಬೇರೆ ಹರಳುಗಳೂ ಸೇರಿಕೊಂಡು ಮಂಕಾಗಿ, ಮೆತ್ತಗಾಗಿ, ಆಮೇಲೆ ಮೇಲೆಲ್ಲ ಬಿಳಿ ಪೊರೆ ಬರುತ್ತದೆ. ಅದು ಬೂಷ್ಟಲ್ಲ, ಮೇಲೆ ಬಂದ ಕೊಬ್ಬು. ಎಸೆಯಬೇಡಿ, ಕರಗಿಸಿ ಮತ್ತೆ ಟೆಂಪರ್ ಮಾಡಬಹುದು.

ಡಾರ್ಕ್ ಚಾಕೊಲೇಟ್ ಆದರೆ ಮೂರರಲ್ಲಿ ಎರಡು ಪಾಲನ್ನು ಮೈಕ್ರೋವೇವ್‌ನಲ್ಲಿ ಅರ್ಧ ಪವರ್‌ಗೆ, ಆಗಾಗ ತೆಗೆದು ಕಲಕುತ್ತಾ, 45 ಡಿಗ್ರಿವರೆಗೆ ಕರಗಿಸುತ್ತೇನೆ. ಉಳಿದದ್ದನ್ನು ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪವೇ ಸೇರಿಸಿ, ತಿರುವುತ್ತಾ 31-32ಕ್ಕೆ ಇಳಿಸುತ್ತೇನೆ. ಆ ಚೂರುಗಳಲ್ಲಿ ಐದನೇ ಹರಳು ಮೊದಲೇ ಇರುತ್ತದೆ, ಹಾಲಿಗೆ ಹಾಕಿದ ಹೆಪ್ಪಿನ ಹಾಗೆ ಅದು ಉಳಿದದ್ದನ್ನೂ ತನ್ನಂತೆ ಮಾಡಿಕೊಳ್ಳುತ್ತದೆ. ಬಿಳಿ ಪೊರೆ ಬಂದ ತುಂಡು ಹೆಪ್ಪಿಗೆ ಆಗುವುದಿಲ್ಲ.

ಇಲ್ಲಿ ಬೆಂಗಳೂರಿನ ಹವೆ ಕಾಟ ಕೊಡುತ್ತದೆ. ಏಪ್ರಿಲ್ ಮಧ್ಯಾಹ್ನ ಅಡುಗೆಮನೆಯೇ 33 ಡಿಗ್ರಿ ಇದ್ದರೆ ಬಟ್ಟಲಲ್ಲಿರುವುದು 31ಕ್ಕೆ ಇಳಿಯುವುದು ಹೇಗೆ? ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಜಾವವೇ ಕೂರುತ್ತೇನೆ. ಮಳೆಗಾಲದ್ದು ಇನ್ನೊಂದು ರಗಳೆ. ಫ್ರಿಜ್‌ನಿಂದ ತೆಗೆದ ತಕ್ಷಣ ಚಾಕೊಲೇಟ್ ಬೆವರುತ್ತದೆ, ಆ ನೀರಲ್ಲಿ ಸಕ್ಕರೆ ಕರಗುತ್ತದೆ, ಒಣಗಿದ ಮೇಲೆ ತರಿತರಿಯಾದ ಬಿಳಿ ಕಲೆ ಉಳಿಯುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ಕೊಬ್ಬಿನದಾದರೆ ಬೆರಳ ಬಿಸಿಗೆ ಮಾಯವಾಗುತ್ತದೆ, ಸಕ್ಕರೆಯದು ಹೋಗುವುದಿಲ್ಲ. ಫ್ರಿಜ್‌ನಲ್ಲಿ ಇಡಲೇಬೇಕಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಹೊರಗೆ ತೆಗೆದ ಮೇಲೆ ಡಬ್ಬಿಯ ತಣುಪು ಹೋಗುವ ತನಕ ಮುಚ್ಚಳ ತೆಗೆಯಬೇಡಿ.

ಬಿಸಿನೀರಿನ ಪಾತ್ರೆ ಮೇಲೆ ಬಟ್ಟಲಿಟ್ಟು ಕರಗಿಸುವ ಡಬಲ್ ಬಾಯ್ಲರ್ ನನಗೆ ಇಷ್ಟವಿಲ್ಲ. ಹಬೆಯ ನಾಲ್ಕು ಹನಿ ಬಿದ್ದರೂ ಗಂಟುಗಟ್ಟುತ್ತದೆ.

ಖರ್ಚು ಉಳಿಸಲು ಎರಡನ್ನೂ ಬೆರೆಸಬಹುದಲ್ವಾ ಅಂತ ಕೇಳುತ್ತಾರೆ. ಬೇಡ. ಆ ಎರಡು ಕೊಬ್ಬುಗಳು ಹೊಂದುವುದಿಲ್ಲ, ಮೆತ್ತಗಾಗಿ ಬೇಗ ಪೊರೆ ಬರುತ್ತದೆ.

ನಾನು ಮಾಡುವುದು ಮನೆಯವರಿಗೆ, ಹಬ್ಬಕ್ಕೆ ನೆಂಟರಿಗೆ ಕೊಡಲು, ಅಷ್ಟೇ. ಆ ಲೆಕ್ಕಕ್ಕೆ ಕೂವರ್ಚರ್ ಬೆಲೆ ಭಾರ ಅನ್ನಿಸಿಲ್ಲ. ಮಕ್ಕಳ ಹುಟ್ಟುಹಬ್ಬದ ಕೇಕ್ ಮೇಲೆ ಸುರಿಯಲು ದೊಡ್ಡ ಪ್ರಮಾಣದಲ್ಲಿ ಬೇಕಿದ್ದರೆ ಕಾಂಪೌಂಡ್ ತನ್ನಿ. ಕೂವರ್ಚರ್ ತರುವುದಾದರೆ ಜೊತೆಗೊಂದು ಥರ್ಮಾಮೀಟರ್ ತನ್ನಿ, ಚೆಂದದ ಅಚ್ಚುಗಳನ್ನು ಆಮೇಲೆ ತಗೊಳ್ಳಬಹುದು.