ಎರಡು ಸಲ ವೈ ಒತ್ತಿ ಡೆಸ್ಕ್‌ಟಾಪ್ ಕಳೆದುಕೊಂಡ ಮೇಲೆ: ಡೆಬ್‌ಟ್ರೀ, ಡಾಟಿ, ಆಪ್ಟಿಟ್ಯೂಡ್

ಮೊದಲೇ ಹೇಳಿಬಿಡುತ್ತೇನೆ, ಡೆಬಿಯನ್ ಲಿನಕ್ಸ್‌ನಲ್ಲಿ ಯಾವ ತಂತ್ರಾಂಶ ಯಾವುದನ್ನು ನೆಚ್ಚಿಕೊಂಡಿದೆ ಎಂದು ತೋರಿಸುವ ಈ ಮೂರು ಸಾಧನಗಳಲ್ಲಿ ನಾನು ಡೆಬ್‌ಟ್ರೀ ಪಕ್ಷದವನು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದನ್ನು ಕೊಂಡು, ಬರಿಯ ಡೆಬಿಯನ್ ಹಾಕಿ, ಅದರ ಮೇಲೆ ‘ಗ್ನೋಮ್’ ಎಂಬ ಒಂದೇ ಪ್ಯಾಕೇಜು (ತಾನು ಬರಿಯ ಹೆಸರು, ಬೇಕಾದ ತಂತ್ರಾಂಶಗಳನ್ನೆಲ್ಲ ಎಳೆದು ತರುವ ಕಟ್ಟು) ಕೇಳಿ ಇಡೀ ಡೆಸ್ಕ್‌ಟಾಪ್ ಪಡೆದಿದ್ದೆ. ಡಿಸ್ಕ್ ಚಿಕ್ಕದು. ಅಂಗಡಿಯಲ್ಲಿ ಯಾರೂ ಬಳಸದ ಎವಲ್ಯೂಷನ್ ಮೇಲ್ ತಂತ್ರಾಂಶವನ್ನು ತೆಗೆದರೆ ಒಂದಿಷ್ಟು ಜಾಗ ಉಳಿದೀತು ಎಂದುಕೊಂಡೆ. ಜೊತೆಗೆ ಗ್ನೋಮ್ ಕೂಡ ಹೋಗುತ್ತದೆ ಎಂದು ತಂತ್ರಾಂಶ ಹಾಕುವ-ತೆಗೆಯುವ ಆಪ್ಟ್ ಬರೆದಿತ್ತು; ಓದದೆ ವೈ, ಅಂದರೆ ‘ಹೌದು’, ಒತ್ತಿದೆ. ಏನೂ ಆಗಲಿಲ್ಲ. ಅದೇ ಧೈರ್ಯದಲ್ಲಿ, ಇನ್ನು ಯಾರಿಗೂ ಬೇಡವಾದವನ್ನು ಗುಡಿಸುವ ಆಟೋರಿಮೂವ್ ಕೊಟ್ಟು ಅದಕ್ಕೂ ವೈ ಒತ್ತಿದೆ.

ಮಗಳ ಲಗ್ನಪತ್ರಿಕೆ ಮಾಡಿಸಲು ಆಳಂದದಿಂದ ಬಂದಿದ್ದ ಕಾಕಾ ಎದುರಿಗೇ ಕುಳಿತಿದ್ದರು. ಕಂಪ್ಯೂಟರ್ ಮರಳಿ ಶುರುವಾದಾಗ ಕಪ್ಪು ಪರದೆ, ಮೂಲೆಯಲ್ಲಿ ‘ಲಾಗಿನ್’ ಎಂಬ ಒಂದು ಪದ. “ಕರೆಂಟ್ ಹೋಯಿತೇನಪ್ಪ?” ಎಂದರು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಕೇಬಲ್ ಇಂಟರ್ನೆಟ್ ಉಳಿದಿದ್ದರಿಂದ ಸಂಜೆಯ ಹೊತ್ತಿಗೆ ಗ್ನೋಮ್ ಮತ್ತೆ ಬಂತು, ಬೇಡದ ಎವಲ್ಯೂಷನ್ ಸಮೇತ. ಇನ್ನು ಮುಂದೆ ಯಾರು ಯಾರ ಕೈ ಹಿಡಿದಿದ್ದಾರೆ ಎಂಬುದನ್ನು ಕಣ್ಣಾರೆ ನೋಡದೆ ಏನನ್ನೂ ತೆಗೆಯುವುದಿಲ್ಲ ಎಂದುಕೊಂಡು ಮೂರು ಸಾಧನಗಳನ್ನು ಹಿಡಿದು ಕುಳಿತೆ.

ಆಪ್ಟ್-ಕ್ಯಾಶ್ ಡಾಟಿ ಮೊದಲೇ ಇರುತ್ತದೆ, ಬೇರೆ ಹಾಕಬೇಕಿಲ್ಲ. ಅದು ಕೊಡುವುದು ಚಿತ್ರವನ್ನಲ್ಲ, ಚಿತ್ರದ ಪಠ್ಯವನ್ನು. ಬಿಡಿಸಲು ಗ್ರಾಫ್‌ವಿಜ್ ಎಂಬ ಇನ್ನೊಂದು ತಂತ್ರಾಂಶ ಬೇಕು. ಸಾಮಾನ್ಯ ಪ್ಯಾಕೇಜಿಗೆ ಚೌಕ, ಹೆಸರಿಗಷ್ಟೇ ಇರುವ ವರ್ಚುವಲ್ ಪ್ಯಾಕೇಜಿಗೆ ತ್ರಿಕೋನ, ಸಿಗದೆ ಹೋದದ್ದಕ್ಕೆ ಷಟ್ಕೋನ. ಕೇಳಲು ಚೆಂದ. ಆದರೆ ಎವಲ್ಯೂಷನ್ ಹೆಸರು ಕೊಟ್ಟೆನೋ ಇಲ್ಲವೋ, ಅದು ಬುಡದ ಸಿ ಲೈಬ್ರರಿಯವರೆಗೂ ಬೇರು ಅಗೆದು, ಸಿಕ್ಕ ಸಿಕ್ಕದ್ದನ್ನೆಲ್ಲ ಚಿತ್ರಕ್ಕೆ ಎಳೆದು ತಂದಿತು.

ನನ್ನ ತಾಳ್ಮೆ ಕೆಟ್ಟದ್ದು ಇಲ್ಲಿ. ಪಿಎನ್‌ಜಿ ಮಾಡಲು ಹೊರಟರೆ, ಚಿತ್ರ ತೀರ ದೊಡ್ಡದಾಯಿತು, ಕುಗ್ಗಿಸುತ್ತಿದ್ದೇನೆ ಎಂಬ ಎಚ್ಚರಿಕೆ. ಚಿತ್ರ ಬಿಡಿಸುವ ಕೈರೊ ಲೈಬ್ರರಿಗೆ ಒಂದು ಬದಿಗೆ 32,767 ಪಿಕ್ಸೆಲ್ ದಾಟುವ ಶಕ್ತಿಯಿಲ್ಲ. ಅದರೊಳಗೆ ತುರುಕಲು ಎಲ್ಲವನ್ನೂ ಸಣ್ಣದು ಮಾಡುತ್ತದೆ, ಅಕ್ಷರಗಳನ್ನೂ. ಸಿಕ್ಕಿದ್ದು ಒಂದು ಉದ್ದನೆಯ ಪಟ್ಟಿ: ದೂರದಿಂದ ಅಜ್ಜಿ ಹೊಲಿದ ಕೌದಿ, ಹತ್ತಿರ ಹೋದರೆ ಎಳ್ಳು ಚೆಲ್ಲಿದ ಹಾಗೆ. ತೆರೆಯಲು ಹೋದ ಚಿತ್ರ ವೀಕ್ಷಕವೂ ಉಸಿರು ಬಿಗಿಹಿಡಿದು ನಿಂತಿತು.

ಮುದ್ರಣದವನ ಚಟ ಬಿಡುತ್ತದೆಯೇ? ಹಾಳೆಗೆ ಹಾಕಿದರೆ ಓದಬಹುದೆಂದು ಆರು ಎ3 ಹಾಳೆಗಳಲ್ಲಿ ಮುದ್ರಿಸಿ ಟೇಪು ಹಚ್ಚಿ ನೆಲದ ಮೇಲೆ ಹಾಸಿದೆ. ಗೆರೆಗಳ ಕಾಡಿನಲ್ಲಿ ‘ಎವಲ್ಯೂಷನ್’ ಹುಡುಕಲು ಮೊಣಕಾಲೂರಬೇಕಾಯಿತು. ಹುಡುಕಿದ ಮೇಲೂ ಬೇಕಾದ ಉತ್ತರ ಅಲ್ಲಿರಲಿಲ್ಲ: ನಾನು ಕೇಳಿದ್ದು ಎವಲ್ಯೂಷನ್‌ಗೆ ಏನು ಬೇಕು ಎಂದಲ್ಲ, ಎವಲ್ಯೂಷನ್ ಯಾರಿಗೆ ಬೇಕು ಎಂದು. ಪಿಎನ್‌ಜಿ ಬದಲು ಎಸ್‌ವಿಜಿ ಮಾಡಿ ಬ್ರೌಸರ್‌ನಲ್ಲಿ ತೆರೆದರೆ ಎಷ್ಟು ಹಿಗ್ಗಿಸಿದರೂ ಅಕ್ಷರ ಒಡೆಯುವುದಿಲ್ಲ, ಹೆಸರನ್ನು ಹುಡುಕಲೂಬಹುದು ಎಂಬ ಬುದ್ಧಿ ಬಂದದ್ದು ಆರು ಹಾಳೆ ಹಾಳಾದ ಮೇಲೆ.

ಡೆಬ್‌ಟ್ರೀ ಬೇರೆಯಾಗಿ ಹಾಕಬೇಕು, ಗ್ರಾಫ್‌ವಿಜ್ ಅದಕ್ಕೂ ಬೇಕು. ಆದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತು. ಎಲ್ಲರಿಗೂ ಬೇಕಾಗುವ ಪ್ಯಾಕೇಜುಗಳಲ್ಲಿ ಯಾವುದನ್ನು ಬಿಡಬೇಕು, ಯಾವುದರ ಮುಂದೆ ಹೋಗಬಾರದು ಎಂಬ ಎರಡು ಪಟ್ಟಿಗಳನ್ನು ಜೊತೆಗೇ ತರುತ್ತದೆ. ಆಳವನ್ನು ಎರಡೇ ಹಂತಕ್ಕೆ ಕಟ್ಟಿಹಾಕಿದೆ, ‘ಇದ್ದರೆ ಒಳ್ಳೆಯದು’ ಎನ್ನುವ ಶಿಫಾರಸುಗಳನ್ನು ಕೈಬಿಟ್ಟೆ, ತಿರುಗುಮುರುಗಾಗಿ ಎವಲ್ಯೂಷನ್ ಯಾರಿಗೆ ಬೇಕೋ ಅವರನ್ನೂ ತೋರಿಸು ಎಂದೆ. ಲ್ಯಾಪ್‌ಟಾಪ್ ಪರದೆಯಲ್ಲೇ ಹಿಡಿಸುವ ಚಿತ್ರ ಬಂತು. ಗ್ನೋಮ್‌ನಿಂದ ಎವಲ್ಯೂಷನ್‌ಗೆ ಒಂದು ಗೆರೆ. ಅಷ್ಟೇ ಸಾಕಿತ್ತು ಆ ಮಧ್ಯಾಹ್ನ.

ಆಪ್ಟಿಟ್ಯೂಡ್‌ನ ‘ವೈ’ ಚಿತ್ರ ಬಿಡಿಸುವುದಿಲ್ಲ, ಎರಡು ಮೂರು ಸಾಲಿನಲ್ಲಿ ಉತ್ತರಿಸುತ್ತದೆ. ನಾನು ಒತ್ತಿದ ವೈಗೂ ಇದಕ್ಕೂ ಸಂಬಂಧವಿಲ್ಲ. ಇದು ‘ಏಕೆ’ ಎಂದು ಕೇಳುವ ವೈ. ಲಾಗಿನ್ ಪರದೆ ಕೊಡುವ ಜಿಡಿಎಂ3 ಏಕೆ ಇದೆ ಎಂದು ಕೇಳಿದರೆ ಗ್ನೋಮ್, ಗ್ನೋಮ್-ಕೋರ್, ಜಿಡಿಎಂ3 ಎಂದು ಸರಪಳಿ ಹೇಳುತ್ತದೆ. ಡೆಸ್ಕ್‌ಟಾಪಿನ ತಿರುಳನ್ನು ಎಳೆದು ತರುವ ಗ್ನೋಮ್-ಕೋರ್ ಮುಂದೆ ಒಂದು ಸಣ್ಣ ‘ಎ’. ನೀವು ಕೇಳಿ ಹಾಕಿಸಿದ್ದಲ್ಲ, ತಾನಾಗಿ ಬಂದದ್ದು ಎಂದರ್ಥ. ಎಳೆದು ತಂದವನು ಹೋದರೆ ಆಟೋರಿಮೂವ್ ಇದನ್ನೂ ಗುಡಿಸುತ್ತದೆ. ನನ್ನ ಡೆಸ್ಕ್‌ಟಾಪ್ ನುಂಗಿದ್ದು ಆ ಒಂದು ಅಕ್ಷರ. ಆದರೂ ಇದಕ್ಕೆ ಎರಡನೆಯ ಸ್ಥಾನವೇ, ಸುಮ್ಮನೆ ಕೇಳಿದರೆ ಒಂದೇ ಸರಪಳಿ ಹೇಳಿ ಮುಗಿಸುತ್ತದೆ. ಚಿತ್ರದಲ್ಲಿ ಉಳಿದ ದಾರಿಗಳೂ ಕಾಣುತ್ತವೆ.

ಆರ್ಚ್ ಎಂಬ ಇನ್ನೊಂದು ಲಿನಕ್ಸ್ ಬಳಸುವ ನನ್ನ ಸೋದರಳಿಯ, ಅಲ್ಲಿ ಇದೇ ಕೆಲಸ ಮಾಡುವ ಪ್ಯಾಕ್‌ಟ್ರೀ ಮುಂದೆ ಇವೆಲ್ಲ ಏನು ಮಾಮಾ ಎನ್ನುತ್ತಾನೆ. ನನ್ನ ಅಂಗಡಿಯಲ್ಲಿ ಆರ್ಚ್ ಇಲ್ಲ, ವಿಷಯ ಅಲ್ಲಿಗೆ ಮುಗಿಯಿತು.

ದಿನಾ ಹತ್ತಾರು ಸರ್ವರ್ ನೋಡುವವರಿಗೆ ಆಪ್ಟಿಟ್ಯೂಡ್ ಸಾಕು. ನಾನು ತಿಂಗಳಿಗೊಮ್ಮೆ ಜಾಗ ಖಾಲಿ ಮಾಡುವವನು, ಓದಿದ್ದಕ್ಕಿಂತ ಕಂಡದ್ದನ್ನು ನಂಬುವವನು. ಖರ್ಚೂ ಇಲ್ಲ, ಎ3 ಹಾಳೆಯ ಚಟ ಬಿಟ್ಟರೆ. ಚಿತ್ರ ನೋಡಿಕೊಂಡೇ ಆಪ್ಟ್-ಮಾರ್ಕ್‌ನಿಂದ ಗ್ನೋಮ್-ಕೋರ್ ನಾನೇ ಕೇಳಿ ಹಾಕಿಸಿದ್ದು ಎಂದು ಗುರುತು ಹಾಕಿದೆ, ಆಮೇಲೆ ಎವಲ್ಯೂಷನ್ ತೆಗೆದೆ. ಗ್ನೋಮ್ ಹೋಯಿತು, ಡೆಸ್ಕ್‌ಟಾಪ್ ಉಳಿಯಿತು. ಕಾಕಾರ ಪತ್ರಿಕೆ ಮರುದಿನ ಅದೇ ಕಂಪ್ಯೂಟರಿನಿಂದ ಹೊರಬಂತು. ಆ ಆರು ಹಾಳೆಗಳ ಬೆನ್ನಿನಲ್ಲೇ ಕರಡು ತೆಗೆದಿದ್ದೆ.