ಕಂಪನಿ ಕೊಡಿಸಿದ ಕೋಚ್ ಮುಂದೆ ಬಾಯಿ ಬಿಡುವ ಮುಂಚೆ ಇದನ್ನು ಓದಿ

ಹದಿನೈದು ದಿನ ಆಯ್ತು, ಇನ್ನೂ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ. ನಲವತ್ತಾರು ವಯಸ್ಸಿನ ಮನುಷ್ಯ ಹೀಗೆ ಮೋಸ ಹೋದೆ ಅಂತ ಹೇಳಿಕೊಳ್ಳೋದು ನಾಚಿಕೆಯ ವಿಷಯ. ಆದರೂ ಬರೆಯುತ್ತಿದ್ದೇನೆ. ಕಂಪನಿ ಹೆಸರು, ಕೋಚ್ ಹೆಸರು ಕೇಳಬೇಡಿ. ನನ್ನ ನೌಕರಿ ಇನ್ನೂ ಅಲ್ಲೇ ಇದೆ, ಮನೆ ಸಾಲದ ಕಂತೂ ಇದೆ.

ಹುಬ್ಬಳ್ಳಿ ಗೋಕುಲ ರೋಡ್ ಕಡೆಯ ಕಾರ್ಖಾನೆ. ಹದಿನೇಳು ವರ್ಷ ಅಲ್ಲೇ ದುಡಿದು ಹೋದ ವರ್ಷ ಪ್ಲಾಂಟ್ ಹೆಡ್ ಆದೆ. ಎಚ್‌ಆರ್ ಮೇಡಂ ಕರೆದು, "ನಿಮಗ ಎಕ್ಸಿಕ್ಯೂಟಿವ್ ಕೋಚ್ ಕೊಡಸಾಕತ್ತೀವ್ರಿ ಸರ, ಎಂಟು ಸೆಷನ್" ಅಂದರು. ಅಂದರೆ ಮೇಲಿನ ಹುದ್ದೆಯವರ ಜೊತೆ ಒಬ್ಬರೇ ಕೂತು ಮಾತಾಡಿಸಿ, ಕೆಲಸದ ತೊಡಕಿಗೆ ದಾರಿ ಹುಡುಕೋಕೆ ನೆರವಾಗೋ ಮನುಷ್ಯ. ದೊಡ್ಡ ಕಂಪನಿಯ ಎಂಡಿಗಳಿಗೆ ಸಿಗೋದು ನನಗೂ ಸಿಕ್ಕಿತು ಅಂತ ಹಿಗ್ಗಿದೆ. ಹೆಂಡತಿ ತಮ್ಮನಿಗೂ ಫೋನ್ ಮಾಡಿ ಹೇಳಿಕೊಂಡೆ. ಈಗ ಅವನ ಮುಖ ನೋಡೋಕೆ ಆಗ್ತಿಲ್ಲ.

ಕೋಚ್ ಬೆಂಗಳೂರಿನವರು. ವಂದೇ ಭಾರತ್‌ನಲ್ಲಿ ಬಂದು ಇಳಿಯುತ್ತಿದ್ದರು, ವಿದ್ಯಾನಗರದ ಹೋಟೆಲ್‌ನಲ್ಲಿ ಒಂದು ರಾತ್ರಿ ಇರುತ್ತಿದ್ದರು. ಮೆತ್ತಗೆ ಮಾತಾಡೋ ಮನುಷ್ಯ. (ಬಹುವಚನ ಹಚ್ಚೋಕೂ ಮನಸ್ಸಿಲ್ಲ, ಆದರೆ ನಮ್ಮ ಕಡೆಯ ಅಭ್ಯಾಸ ಬಿಡೋದಿಲ್ಲ.) ಮೊದಲ ದಿನವೇ, "ನಾವಿಬ್ಬರು ಮಾತಾಡಿದ್ದು ಈ ಗೋಡೆ ದಾಟೋದಿಲ್ಲ ಸರ್" ಅಂದರು. ಎದೆ ಮೇಲೆ ಕೈ ಇಟ್ಟುಕೊಂಡು ಅಂದರು. ನಾನು ನಂಬಿದೆ.

ಮೂರನೇ ಸೆಷನ್ ಉಣಕಲ್ ಕೆರೆ ದಂಡೆ ಮೇಲೆ. ಹೊರಗೆ ಕೂತರೆ ಮನಸ್ಸು ಬಿಚ್ಚುತ್ತದೆ ಅಂದಿದ್ದರು. ಬಿಚ್ಚಿತು ನೋಡಿ! ಇಂಗ್ಲಿಷಿನಲ್ಲಿ ಪ್ರೆಸೆಂಟೇಷನ್ ಅಂದರೆ ಹಿಂದಿನ ರಾತ್ರಿಯಿಂದ ಹೊಟ್ಟೆ ಕೆಡುತ್ತೆ ಅಂದೆ. ಪುಣೆಯಿಂದ ಒಂದು ಆಫರ್ ಬಂದಿದೆ, ಅಪ್ಪನ ಆರೋಗ್ಯ ನೋಡಿ ಸುಮ್ನೆ ಇದ್ದೇನೆ ಅಂದೆ. ಮಾಲೀಕರ ಮಗನ ಸುದ್ದಿಯೂ ಬಂತು. ಗಿರಾಕಿ ಬಾಯಿಗೆ ಬಂದ ತಾರೀಕು ಕೇಳುತ್ತಾನೆ, ಇವರು ಮಷಿನ್ ಖಾಲಿ ಇದೆಯೋ ಇಲ್ಲವೋ ನೋಡದೆ ಹೂಂ ಅನ್ನುತ್ತಾರೆ, ಬೈಸಿಕೊಳ್ಳೋದು ನಾನು. "ಅವ ಎತ್ತು ಈಯಿತು ಅಂದ್ರ ನಮ್ಮ ಸಣ್ಣ ಸಾಹೇಬ್ರು ಕೊಟ್ಟಿಗ್ಯಾಗ ಕಟ್ರಿ ಅಂತಾರ" ಅಂದೆ. ಕೋಚ್ ಬಿದ್ದು ಬಿದ್ದು ನಕ್ಕರು. ಡೈರಿಯಲ್ಲಿ ಬರೆದುಕೊಂಡರು ಕೂಡ. ಆ ಸಂಜೆ ಅವರಿಗೆ ಧಾರವಾಡ ಪೇಡೆ ಕಟ್ಟಿಸಿಕೊಟ್ಟೆ. ಒಂದು ಕಿಲೋ.

ಎರಡು ವಾರ ಬಿಟ್ಟು ತಿಂಗಳ ರಿವ್ಯೂ ಮೀಟಿಂಗ್. ಹನ್ನೊಂದು ಜನ ಕೂತಿದ್ದೆವು. ಒಂದು ಆರ್ಡರ್ ತಡವಾಗಿತ್ತು, ಯಾಕೆ ಅಂತ ವಿವರಿಸುತ್ತಿದ್ದೆ. ಸಣ್ಣ ಸಾಹೇಬರು ಪೆನ್ನು ತಿರುಗಿಸುತ್ತಾ ನನ್ನನ್ನೇ ನೋಡಿ, "ಮತ್ತ ಎತ್ತು ಈದೈತೇನ್ರಿ? ಕೊಟ್ಟಿಗ್ಯಾಗ ಕಟ್ಟೂಣೇನು?" ಅಂದರು.

ಎಲ್ಲರೂ ನಕ್ಕರು. ಅವರಿಗೆ ಏನು ಗೊತ್ತು, ಗಾದೆ ಅಂದುಕೊಂಡು ನಕ್ಕರು. ಎಚ್‌ಆರ್ ಮೇಡಂ ಮಾತ್ರ ನಗಲಿಲ್ಲ, ಫೈಲ್ ನೋಡುತ್ತಾ ಕೂತರು. ಆಗಲೇ ನನಗೆ ತಿಳಿದಿದ್ದು. ಆ ಮಾತು ನಾನು ಹೆಂಡತಿಗೂ ಹೇಳಿರಲಿಲ್ಲ. ಕೆರೆ ದಂಡೆ ಮೇಲೆ ಒಬ್ಬರ ಮುಂದೆ, ಒಂದೇ ಸಲ ಹೇಳಿದ್ದು. ಕೈಯಲ್ಲಿದ್ದ ಹಾಳೆ ನಡುಗೋಕೆ ಶುರುವಾಯ್ತು. ಮುಂದಿನ ಸ್ಲೈಡ್‌ನಲ್ಲಿ ಏನು ಹೇಳಿದೆ ಅನ್ನೋದು ಈಗಲೂ ನೆನಪಿಲ್ಲ.

ಹೊರಗೆ ಬಂದವನೇ ಕೋಚ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ರಾತ್ರಿ ವಾಟ್ಸಾಪ್ ಬಂತು: "ಸರ್, ನಾನು ಸ್ಪಾನ್ಸರ್ ಜೊತೆ ಥೀಮ್ಸ್ ಅಷ್ಟೇ ಶೇರ್ ಮಾಡ್ತೀನಿ, ಡೀಟೇಲ್ಸ್ ಅಲ್ಲ." ಸ್ಪಾನ್ಸರ್ ಅಂದರೆ ರೊಕ್ಕ ಕೊಡೋ ಕಂಪನಿ. ಥೀಮ್! ಎತ್ತು, ಕೊಟ್ಟಿಗೆ ಎರಡೂ ಥೀಮ್ ಅಂತೆ! ಹಾಗಂತಲೇ ಕೇಳಿದೆ. ಅದಕ್ಕೆ ಬಂದ ಉತ್ತರ ಓದಿ: "ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಮೋಸ ಆಯ್ತು ಅನ್ನೋ ಭಾವನೆ ನಿಮಗೆ ಎಲ್ಲಿಂದ ಬರ್ತಿದೆ ಅಂತ ಮುಂದಿನ ಸೆಷನ್‌ನಲ್ಲಿ ಎಕ್ಸ್‌ಪ್ಲೋರ್ ಮಾಡೋಣ." ಎಲ್ಲಿಂದ ಬರ್ತಿದೆ! ನಿನ್ನಿಂದ ಬರ್ತಿದೆ ಅಂತ ಟೈಪ್ ಮಾಡಿ ಅಳಿಸಿದೆ.

ಮರುದಿನ ಎಚ್‌ಆರ್ ಮೇಡಂ ಹತ್ತಿರ ಹೋದೆ. "ರೊಕ್ಕ ಕೊಟ್ಟವ್ರು ನಾವ್ರಿ ಸರ. ಎರಡ ಲಕ್ಷದ ಮ್ಯಾಲೆ, ಜಿಎಸ್‌ಟಿ ಬ್ಯಾರೆ. ಏನ್ ನಡದೈತಿ ಅಂತ ಕೇಳಬಾರದ?" ಕೇಳಬಾರದು ಅಂತ ನಾನೆಲ್ಲಿ ಅಂದೆ? ಒಪ್ಪಂದದ ಹಾಳೆ ತೋರಿಸಿ ಅಂದೆ. ತೋರಿಸಿದರು. ಪ್ರತಿ ತಿಂಗಳು ಕೋಚ್ ಲಿಖಿತ ವರದಿ ಕೊಡಬೇಕು. ಅದರಲ್ಲಿ ನೌಕರ ಕಂಪನಿ ಬಿಡುವ ಸಾಧ್ಯತೆ ಎಷ್ಟು ಅಂತಲೂ ಒಂದು ಕಾಲಂ! ಕೆಳಗೆ ಎರಡು ಸಹಿ. ಕಂಪನಿಯದು, ಕೋಚ್‌ದು. ನನ್ನದಿಲ್ಲ. ಆ ಹಾಳೆ ಇದೆ ಅಂತಲೇ ನನಗೆ ಯಾರೂ ಹೇಳಿರಲಿಲ್ಲ. ಪುಣೆ ಆಫರ್ ಸುದ್ದಿಯೂ ಹೋಗಿದೆಯಾ ಅಂತ ಕೇಳಿದೆ. "ಅದನ್ನ ನಾ ಹೇಳಾಕ ಬರೂದಿಲ್ರಿ, ಕಾನ್ಫಿಡೆನ್ಷಿಯಲ್" ಅಂದರು. ನನ್ನ ಗುಟ್ಟು, ನನ್ನಿಂದಲೇ ಕಾನ್ಫಿಡೆನ್ಷಿಯಲ್.

ಇದು ಹೇಗೆ ನಡೆಯಬೇಕು ಅಂತ ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು, ಅಲ್ವಾ. ಬಾಸ್, ಕೋಚ್, ನಾವು, ಮೂರೂ ಜನ ಮೊದಲ ದಿನ ಒಟ್ಟಿಗೆ ಕೂರಬೇಕು. ಗುರಿ ಏನು ಅಂತ ಎಲ್ಲರ ಮುಂದೆ ಆಗಬೇಕು. ಎಷ್ಟು ಸೆಷನ್‌ಗೆ ಬಂದ, ಗುರಿ ಎಲ್ಲಿಗೆ ಬಂತು, ಇಷ್ಟು ಕಂಪನಿಗೆ ಹೋಗಲಿ, ತಪ್ಪಿಲ್ಲ. ಅದಕ್ಕಿಂತ ಜಾಸ್ತಿ ಹೇಳೋದಿದ್ದರೆ ನಾವೇ ಹೇಳಬೇಕು, ಕೋಚ್ ಪಕ್ಕದಲ್ಲಿ ಕೂತಿರಬೇಕು ಅಷ್ಟೇ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಅಂತ 1995ರಲ್ಲಿ ಶುರುವಾದ ಸಂಸ್ಥೆ ಇದೆ. ಯಾವ ಮಾಹಿತಿ ಯಾರಿಗೆ ಹೋಗುತ್ತೆ ಅನ್ನೋದು ಶುರುವಿಗೇ ಎರಡೂ ಕಡೆಯವರಿಗೆ ಗೊತ್ತಿರಬೇಕು ಅಂತ ಅವರ ನೀತಿ ಸಂಹಿತೆಯಲ್ಲೇ ಇದೆ. ನಮ್ಮ ಮಹಾಶಯರ ಕಾರ್ಡ್ ಮೇಲೆ ಅದೇ ಸಂಸ್ಥೆಯ ಹೆಸರು, 'ಮೆಂಬರ್' ಅಂತ. ಮೆಂಬರ್ ಆಗೋದು ಬೇರೆ, ಅವರ ಪಿಸಿಸಿ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) ಅನ್ನೋ ಸರ್ಟಿಫಿಕೇಟ್ ಪಡೆಯೋದು ಬೇರೆ. ಪಿಸಿಸಿಗೆ 500 ಗಂಟೆ ಕೋಚಿಂಗ್ ಮಾಡಿರಬೇಕು. ಇದೂ ನನಗೆ ಆಮೇಲೆ ಗೊತ್ತಾಗಿದ್ದು. ಆದರೆ ಸರ್ಟಿಫಿಕೇಟ್ ಇದ್ದಿದ್ದರೆ ಆ ಬಾಯಿ ಮುಚ್ಚಿರುತ್ತಿತ್ತು ಅಂತ ನಂಬೋಕೆ ಈಗ ನನಗಂತೂ ಆಗೋದಿಲ್ಲ.

ನಿಮಗೂ ಕಂಪನಿಯಿಂದ ಕೋಚ್ ಬಂದರೆ ಮೊದಲು ಒಪ್ಪಂದದ ಹಾಳೆ ಕೇಳಿ. ನಿಮ್ಮ ಸಹಿ ಇಲ್ಲದಿದ್ದರೆ ಹವಾಮಾನದ ಬಗ್ಗೆ ಮಾತಾಡಿ. ಗೋಡೆ ದಾಟೋದಿಲ್ಲ ಅಂದರೆ, ಅದನ್ನೇ ಒಂದು ಇಮೇಲ್‌ನಲ್ಲಿ ಎಚ್‌ಆರ್‌ಗೂ ಹಾಕಿ ಬರೆಯಿರಿ ಅನ್ನಿ. ಕೆರೆ ದಂಡೆಗೆ ಕರೆದರೆ ಹೋಗಲೇಬೇಡಿ.

ಬಾಕಿ ಐದು ಸೆಷನ್ ಬೇಡ ಅಂದೆ. "ಹಂಗಾದ್ರ ಅಪ್ರೈಸಲ್‌ನ್ಯಾಗ ಬರಿಬೇಕಾಗ್ತೈತ್ರಿ" ಅಂದರು ಮೇಡಂ. ಬರೆಯಲಿ. ಮೊನ್ನೆ ನನ್ನ ಕೈ ಕೆಳಗಿನ ಹುಡುಗ ಒಬ್ಬ ಕ್ಯಾಂಟೀನ್‌ನಲ್ಲಿ ಚಹಾ ಹಿಡಿದು ಬಂದ. ಮುಂದಿನ ತಿಂಗಳಿಂದ ಅವನಿಗೂ ಅದೇ ಕೋಚ್ ಅಂತೆ. "ಭಾಳ ಚಲೋ ಮನಷ್ಯಾ ಅಂತಲ್ರೀ ಸರ?" ಅಂದ. ಸುತ್ತ ನಾಲ್ಕು ಜನ ಇದ್ದರು, ಬಾಯಿ ಬಿಡೋಕೆ ಆಗಲಿಲ್ಲ. ಮನೆಗೆ ಬಂದು ಇದನ್ನು ಬರೆಯೋಕೆ ಕೂತೆ.