ರಾಜ್ಯ ಸರ್ಕಾರದ ನೆರೆ ಪರಿಹಾರ: ಮನೆಗೆ ಸಿಕ್ಕ ಗಮನ ಮಗ್ಗಕ್ಕೂ ಅಂಗಡಿಗೂ ಸಿಗಬೇಕು

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಒಟ್ಟೊಟ್ಟಿಗೆ ದಡ ಮೀರಿ ಹರಿದು, ಗೋಕಾಕದ ಪೇಟೆಯಿಂದ ಪಟ್ಟದಕಲ್ಲಿನ ದೇಗುಲಗಳ ಅಂಗಳದವರೆಗೆ ನೀರು ನಿಂತಿತ್ತು. ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ಸರ್ಕಾರ ನೆರೆಪೀಡಿತವೆಂದು ಘೋಷಿಸಿತು. ಆಗ ರೂಪುಗೊಂಡ ಪರಿಹಾರದ ವ್ಯವಸ್ಥೆಯೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ನಂತರದ ಹಲವು ನೆರೆಗಳಿಗೂ ಮಾದರಿಯಾದುದರಿಂದ, ಅದನ್ನು ಬಳಸಿದ ಜನರ ಕಡೆಯಿಂದ ಒಮ್ಮೆ ಪರಿಶೀಲಿಸುವುದು ಅಗತ್ಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮನೆ ಕಳೆದುಕೊಂಡ ಮಾಲೀಕನ ಮಟ್ಟಿಗೆ ಇದು ಉದಾರವಾದ ಸೇವೆ, ದುಡಿಮೆ ಕಳೆದುಕೊಂಡವನ ಮಟ್ಟಿಗೆ ಇದು ಇನ್ನೂ ಆರಂಭವಾಗಬೇಕಾದ ಸೇವೆ.

ಉದಾರತೆಯನ್ನು ಮೊದಲು ಒಪ್ಪಿಕೊಳ್ಳಬೇಕು. ವಿಪತ್ತು ಪರಿಹಾರ ನಿಧಿಯ ಆಗಿನ ರಾಷ್ಟ್ರೀಯ ಮಾನದಂಡದ ಪ್ರಕಾರ ಬಯಲುಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ ಸಿಗುತ್ತಿದ್ದುದು 95,100 ರೂಪಾಯಿ. ಅಷ್ಟು ಹಣದಲ್ಲಿ ತಳಪಾಯ ಹಾಕಿ ಗೋಡೆ ಎಬ್ಬಿಸುವುದೇ ಕಷ್ಟ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಈ ಮೊತ್ತವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದ ಮನೆಗಳು ‘ಎ’ ವರ್ಗ, ಶೇ 25ರಿಂದ 75ರಷ್ಟು ಹಾನಿಯಾದವು ‘ಬಿ’ ವರ್ಗ, ಶೇ 15ರಿಂದ 25ರಷ್ಟು ಹಾನಿಯಾದವು ‘ಸಿ’ ವರ್ಗವೆಂದು ವಿಂಗಡಣೆಯಾಯಿತು. ‘ಬಿ’ ವರ್ಗದವರು ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟುವುದಾದರೆ 5 ಲಕ್ಷ, ದುರಸ್ತಿ ಮಾಡಿಸಿಕೊಳ್ಳುವುದಾದರೆ 3 ಲಕ್ಷ, ‘ಸಿ’ ವರ್ಗದವರಿಗೆ 50,000 ಎಂಬ ತೀರ್ಮಾನವೂ ಬಂತು. ನೀರು ನುಗ್ಗಿದ ಮನೆಗೆ ಬಟ್ಟೆಬರೆ, ಪಾತ್ರೆಪಗಡಗಳಿಗೆಂದು ತಕ್ಷಣ ಕೊಟ್ಟ 10,000 ರೂಪಾಯಿಯಲ್ಲಿ ರಾಷ್ಟ್ರೀಯ ಮಾನದಂಡದ ಪಾಲು 3,800 ಮಾತ್ರ. ಉಳಿದ 6,200 ರಾಜ್ಯದ್ದೇ. ನೆರೆಯಲ್ಲಿ ಆಶ್ರಯ ಪಡೆದಿದ್ದ ಕಾಳಜಿ ಕೇಂದ್ರದಿಂದ ಮನೆಗೆ ಮರಳಿ, ಒಲೆಯ ಮೇಲಿನ ಕೆಸರು ತೆಗೆಯುತ್ತಿದ್ದ ಕುಟುಂಬಗಳಿಗೆ ಆ ದುಡ್ಡು ಎಷ್ಟು ಆಸರೆಯಾಯಿತೆಂಬುದನ್ನು ಹೊಳೆದಂಡೆಯ ಯಾವ ಊರಿನಲ್ಲಿ ಕೇಳಿದರೂ ಹೇಳುತ್ತಾರೆ.

ತೊಡಕು ಇರುವುದು ವರ್ಗ ನಿರ್ಧಾರದಲ್ಲಿ. ನೀರು ಇಳಿದ ಕೆಲವೇ ದಿನಗಳಲ್ಲಿ ಕಂದಾಯ ಸಿಬ್ಬಂದಿ, ಎಂಜಿನಿಯರ್ ಮತ್ತು ಪಂಚಾಯಿತಿಯವರು ಜಂಟಿಯಾಗಿ ಬಂದು ನೋಡಿ ಬರೆದುಕೊಳ್ಳುವ ಒಂದು ಅಕ್ಷರದ ಮೇಲೆ 50,000 ರೂಪಾಯಿಯೋ 5 ಲಕ್ಷವೋ ಎಂಬುದು ಆಗ ನಿಂತಿರುತ್ತಿತ್ತು. ಆದರೆ ನಮ್ಮ ಭಾಗದ ಹಳೆಯ ಮನೆಗಳು ಕಲ್ಲು ಮತ್ತು ಮಣ್ಣಿನವು. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಇಂಥ ಗೋಡೆ ನೀರಿನಲ್ಲಿ ನಿಂತಾಗಲೇ ಬೀಳಬೇಕೆಂದಿಲ್ಲ. ನೀರು ಕುಡಿದ ಮಣ್ಣು ಒಳಗೊಳಗೇ ಸಡಿಲಾಗಿ, ಬಿಸಿಲು ಬಿದ್ದು ಒಣಗತೊಡಗಿದ ಮೇಲೆ ಮೂಲೆಯಲ್ಲಿ ಮೊದಲು ಬೆರಳು ತೂರುವಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ, ಆಮೇಲೆ ತೊಲೆ ಜಾರುತ್ತದೆ, ಎರಡು ಮೂರು ವಾರಗಳ ನಂತರ ಒಂದು ರಾತ್ರಿ ಗೋಡೆಯೇ ಕೂರುತ್ತದೆ. ಸಮೀಕ್ಷೆಯ ದಿನ ನೆಟ್ಟಗೆ ನಿಂತಿದ್ದ ಆ ಮನೆ ಪಟ್ಟಿಯಲ್ಲಿ ‘ಸಿ’ ಆಗಿರುತ್ತದೆ, ಇಲ್ಲವೇ ಪಟ್ಟಿಯಲ್ಲೇ ಇರುವುದಿಲ್ಲ. 2019ರಲ್ಲಂತೂ ಅಕ್ಟೋಬರಿನಲ್ಲಿ ಮತ್ತೆ ಹೊಳೆ ಬಂದು, ಆಗಸ್ಟ್‌ನಲ್ಲಿ ನೆನೆದ ಗೋಡೆಗಳೇ ಎರಡನೆಯ ಬಾರಿ ನೆನೆದವು. ಕಚೇರಿಯ ಲೆಕ್ಕದಲ್ಲಿ ಮಾತ್ರ ಇದು ಬೇರೆ ನೆರೆ, ಬೇರೆ ಅರ್ಜಿ. ಮಣ್ಣಿನ ಮನೆಗಳಿಗೆ ಒಂದು ತಿಂಗಳ ನಂತರ ಕಡ್ಡಾಯವಾಗಿ ಎರಡನೆಯ ಪರಿಶೀಲನೆ ಇರಬೇಕೆಂಬ ಒಂದೇ ನಿಯಮವಿದ್ದರೂ ತಹಶೀಲ್ದಾರ್ ಕಚೇರಿಗಳ ಮುಂದಿನ ಅರ್ಧ ಸಾಲು ಕರಗುತ್ತಿತ್ತು.

ಇನ್ನೊಂದು ಅಡ್ಡಿ ಉತಾರದ್ದು, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆಯೆಂದು ತೋರಿಸುವ ದಾಖಲೆಯದ್ದು. ಹೊಳೆಸಾಲಿನ ಊರುಗಳಲ್ಲಿ ತಂದೆಯ ಹೆಸರಿನ ಒಂದೇ ಆಸ್ತಿ ಸಂಖ್ಯೆಯಲ್ಲಿ ಮೂರು ಜನ ಅಣ್ಣತಮ್ಮಂದಿರು ಮೂರು ಒಲೆ ಹೂಡಿಕೊಂಡಿರುವುದು ಸಾಮಾನ್ಯ. ವಾಟ್ನಿ, ಅಂದರೆ ಆಸ್ತಿಯ ಹಂಚಿಕೆ, ಬಾಯಿಮಾತಿನಲ್ಲೇ ಆಗಿರುತ್ತದೆ. ಮನೆ ಬಿದ್ದಾಗ ಮೂರು ಸಂಸಾರಗಳು ಬೀದಿಗೆ ಬರುತ್ತವೆ, ಪರಿಹಾರ ಒಂದಕ್ಕೆ ಬರುತ್ತದೆ. ಪಡಿತರ ಚೀಟಿ ಬೇರೆ ಬೇರೆ ಇದ್ದರೆ ಕುಟುಂಬ ಬೇರೆಯೆಂದು ಪರಿಗಣಿಸಲು ಸರ್ಕಾರಕ್ಕೆ ಏನೂ ತೊಂದರೆಯಾಗಬೇಕಿಲ್ಲ. ಅಕ್ಕಿ ಕೊಡುವಾಗ ಹಾಗೆಯೇ ಪರಿಗಣಿಸುತ್ತದೆ.

ಹಣ ಕೈಸೇರುವ ಬಗೆಯ ಬಗ್ಗೆ ನನಗೆ ಎರಡು ಮನಸ್ಸಿದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ, ಕಟ್ಟಡದ ಹಂತವನ್ನು ಜಿಪಿಎಸ್ ಫೋಟೊ ಸಮೇತ ದಾಖಲಿಸಿಕೊಂಡು, ಕಂತು ಕಂತಾಗಿ ನೇರವಾಗಿ ಬ್ಯಾಂಕ್ ಖಾತೆಗೆ ಜಮೆ ಮಾಡುವ ಪದ್ಧತಿ ನಡುವಿನ ಕೈಗಳನ್ನು ಬಹಳ ಮಟ್ಟಿಗೆ ದೂರವಿಟ್ಟಿತು. ಆದರೆ ಮೊದಲ ಕಂತಿನ ಲಕ್ಷ ಮುಗಿದು ಎರಡನೆಯದು ಬರುವಷ್ಟರಲ್ಲಿ ಗೌಂಡಿ ಬೇರೆ ಕೆಲಸಕ್ಕೆ ಹೋಗಿರುತ್ತಾನೆ, ಸಿಮೆಂಟು ಮತ್ತು ಕಬ್ಬಿಣದ ದರ ಏರಿರುತ್ತದೆ, ಅರ್ಧ ಗೋಡೆಯ ಮೇಲೆ ಮುಂದಿನ ಮಳೆ ಸುರಿಯುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದವರು ಸಾಲ ಮಾಡಿಯಾದರೂ ಹಂತ ಮುಗಿಸಿ ಫೋಟೊ ತೆಗೆಸಿದರು. ಇಲ್ಲದವರ ಮನೆಗಳು ಲಿಂಟಲ್ ಮಟ್ಟದಲ್ಲೇ ನಿಂತವು. ಬಡವನಿಗೇ ಹೆಚ್ಚು ಅಡ್ಡಿಯಾಗುವ ಪದ್ಧತಿಯನ್ನು ಬಡವನಿಗಾಗಿ ಮಾಡಿದ್ದೆಂದು ಹೇಳುವುದು ಸರಿಯಲ್ಲ.

ಆದರೂ 2009ರ ನೆರೆಯ ನಂತರ ಬಂದ ‘ಆಸರೆ’ ಯೋಜನೆಗೆ ಹೋಲಿಸಿದರೆ ಇದು ನಿಶ್ಚಯವಾಗಿ ಮುಂದಿನ ಹೆಜ್ಜೆ. ಆಗ ದಾನಿಗಳ ನೆರವಿನಿಂದ ಊರಾಚೆ ಸಾಲುಮನೆಗಳನ್ನು ಕಟ್ಟಿ ಜನರನ್ನು ಕರೆಯಲಾಯಿತು. ದನ ಕಟ್ಟಲು ಜಾಗವಿಲ್ಲದ, ಕಣಕ್ಕೆ ಎಡೆಯಿಲ್ಲದ, ಹೊಲ ದೂರವಾಗುವ ಆ ಮನೆಗಳಿಗೆ ಎಷ್ಟೋ ಕುಟುಂಬಗಳು ಹೋಗಲೇ ಇಲ್ಲ. ಹಲವೆಡೆ ಮುಳ್ಳುಕಂಟಿ ಬೆಳೆದು ಬಾಗಿಲುಗಳು ಮುಚ್ಚಿಹೋದವು. ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ, ದುಡಿಯುವ ಜಾಗವೂ ಹೌದು ಎಂಬುದನ್ನು ಆ ಯೋಜನೆ ಗಮನಿಸಲಿಲ್ಲ. ಹಣವನ್ನು ಮಾಲೀಕನ ಕೈಗೇ ಕೊಟ್ಟು ತನಗೆ ಬೇಕಾದಂತೆ ಕಟ್ಟಿಕೊಳ್ಳಲು ಬಿಟ್ಟ 2019ರ ಕ್ರಮ ಆ ಅರ್ಥದಲ್ಲಿ ಒಳ್ಳೆಯದು. ಆದರೆ ದುಡಿಮೆಯ ಪ್ರಶ್ನೆಗೆ ಅದರಲ್ಲಿಯೂ ಉತ್ತರ ಸಿಗಲಿಲ್ಲ.

ಈ ವಿಮರ್ಶೆಯಲ್ಲಿ ನನಗೆ ಮುಖ್ಯವಾದ ಭಾಗ ಇದು. ಮಲಪ್ರಭೆಯ ದಂಡೆಯ ರಾಮದುರ್ಗ ನೇಕಾರರ ಊರು. ಕುಣಿಮಗ್ಗವಿರುವ ಮನೆಗೆ ನೀರು ನುಗ್ಗಿದರೆ ಏನಾಗುತ್ತದೆಂಬುದನ್ನು ನೋಡಿದವರು ಮರೆಯಲಾರರು. ನೇಕಾರ ಕಾಲಿಳಿಬಿಟ್ಟು ಕೂರುವ ಕುಣಿಯ ತುಂಬ ಹೊಳೆಯ ರೇವೆ ತುಂಬಿಕೊಳ್ಳುತ್ತದೆ. ಅದು ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿಯಾಗಿ, ಗುದ್ದಲಿಯಿಂದಲೇ ಕೀಳಬೇಕಾಗುತ್ತದೆ. ಮಗ್ಗದ ಮರ ಉಬ್ಬಿ ಸೊಟ್ಟಗಾಗುತ್ತದೆ. ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯ ಉಕ್ಕಿನ ಹಲ್ಲುಗಳು ತುಕ್ಕು ಹಿಡಿದು ಎಳೆಯನ್ನು ಹರಿಯತೊಡಗುತ್ತವೆ. ಬಟ್ಟೆಯಲ್ಲಿ ವಿನ್ಯಾಸ ಮೂಡಿಸುವ ಜಕಾರ್ಡ್ ಸಾಧನಕ್ಕೆ ಹೊಲಿದ ರಟ್ಟಿನ ಡಿಸೈನ್ ಕಾರ್ಡುಗಳು ನೆನೆದು ಮುದ್ದೆಯಾಗುತ್ತವೆ; ಮತ್ತೆ ರಂಧ್ರ ಹಾಕಿಸಿ, ಹೊಲಿಸಿ ಏರಿಸುವವರೆಗೆ ಆ ಅಂಚು, ಆ ಸೆರಗು ಬರುವುದಿಲ್ಲ. ಮಗ್ಗಕ್ಕೆ ಹಾಕಿದ್ದ ಹಾಸು, ಅಂದರೆ ಉದ್ದುದ್ದ ಬಿಗಿದ ನೂಲು, ಹೆಚ್ಚಿನ ವೇಳೆ ನೇಕಾರನದ್ದಲ್ಲ, ನೂಲು ಕೊಟ್ಟ ಮಾಲೀಕನದ್ದು. ಆದ್ದರಿಂದ ನೆರೆ ಇಳಿದ ಮರುದಿನ ನೇಕಾರನ ಮೇಲೆ ಮನೆಯ ಖರ್ಚಿನ ಜೊತೆಗೆ ನೂಲಿನ ಸಾಲವೂ ಬಿದ್ದಿರುತ್ತದೆ.

ಇಷ್ಟಕ್ಕೆ ರಾಷ್ಟ್ರೀಯ ಮಾನದಂಡ ಆಗ ಕೊಡುತ್ತಿದ್ದುದು ಹಾಳಾದ ಸಲಕರಣೆಗೆ 4,100 ರೂಪಾಯಿ, ಹಾಳಾದ ಕಚ್ಚಾ ಸಾಮಗ್ರಿ ಅಥವಾ ಸಿದ್ಧ ಬಟ್ಟೆಗೆ ಇನ್ನೊಂದು 4,100. 2022ರ ಪರಿಷ್ಕರಣೆಯಲ್ಲಿ ಇವು ತಲಾ 5,000 ಆದವು. ರಾಜ್ಯ ಸರ್ಕಾರ 2019ರಲ್ಲಿ ನೇಕಾರರಿಗೆ ಪ್ರತ್ಯೇಕ ನೆರವು ಘೋಷಿಸಿತ್ತೆಂಬುದನ್ನು ಇಲ್ಲಿ ದಾಖಲಿಸಬೇಕು. ಆದರೆ ಅದು ಆ ಹೊತ್ತಿನ ಘೋಷಣೆಯಾಗಿತ್ತೇ ಹೊರತು, ಮನೆಗೆ ಇರುವಂತೆ ಹಾನಿಯ ವರ್ಗ, ಹಂತ, ಪೋರ್ಟಲ್ ಎಂಬ ಸ್ಥಿರವಾದ ವ್ಯವಸ್ಥೆ ಮಗ್ಗಕ್ಕೆ ಬರಲಿಲ್ಲ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಹೊಲಿಗೆಯಂತ್ರ, ಚಹಾದಂಗಡಿಗಳಿಗಂತೂ ಮಾನದಂಡದಲ್ಲಿ ಒಂದು ಸಾಲು ಕೂಡ ಇಲ್ಲ. ಗೋಕಾಕದ ಪೇಟೆಯಲ್ಲಿ ಘಟಪ್ರಭೆಯ ನೀರಿಗೆ ಸಿಕ್ಕ ಸಣ್ಣ ವ್ಯಾಪಾರಿಗೆ ವಿಮೆ ಇರಲಿಲ್ಲವೆಂದರೆ, ಕೆಸರಾದ ಮಾಲನ್ನು ತಳ್ಳುಗಾಡಿಯಲ್ಲಿ ಹೇರಿ ಎಸೆಯುವುದಷ್ಟೇ ಉಳಿದದ್ದು.

ಹೊಲದ ಪರಿಹಾರ ಇದಕ್ಕಿಂತ ವಾಸಿ. ಕೇಂದ್ರದ ಆಗಿನ ದರವಾದ ಹೆಕ್ಟೇರಿಗೆ ಒಣಬೇಸಾಯಕ್ಕೆ 6,800, ನೀರಾವರಿಗೆ 13,500, ಬಹುವಾರ್ಷಿಕ ಬೆಳೆಗೆ 18,000 ರೂಪಾಯಿಗಳ ಮೇಲೆ 2019ರಲ್ಲಿ ರಾಜ್ಯ 10,000 ಸೇರಿಸಿತು. 2025ರ ಭೀಮಾ ನೆರೆಯ ನಂತರವೂ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತು. ಎರಡು ಹೆಕ್ಟೇರಿನ ಮಿತಿ ಮಾತ್ರ ಹಾಗೆಯೇ ಇದೆ. ‘ಪರಿಹಾರ’ ತಂತ್ರಾಂಶದಿಂದ ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಆದರೆ ಅದು ಪಹಣಿಯಲ್ಲಿ ಹೆಸರಿದ್ದವನ ಖಾತೆ. ಭೂ ಸುಧಾರಣಾ ಕಾನೂನಿನಡಿ ಗೇಣಿ ನಿಷಿದ್ಧವಾಗಿರುವುದರಿಂದ ಲಾವಣಿಗೆ (ಗುತ್ತಿಗೆಗೆ), ಪಾಲಿಗೆ ಹೊಲ ಮಾಡುವವನ ಬಳಿ ಕಾಗದವಿರುವುದಿಲ್ಲ. ಬೀಜ, ಗೊಬ್ಬರ, ಆಳಿನ ಖರ್ಚು ಮಾಡಿದವನೊಬ್ಬ, ಪರಿಹಾರ ಪಡೆದವನೊಬ್ಬ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಹೊಲದ ಚಿತ್ರವನ್ನೇ ತೆಗೆಯುವ ಸರ್ಕಾರ, ಆ ಹೊಲದಲ್ಲಿ ದುಡಿಯುತ್ತಿರುವವರು ಯಾರೆಂದು ಬರೆದುಕೊಳ್ಳಲು ಒಂದು ಕಾಲಂ ಸೇರಿಸಬಹುದು.

ಪಕ್ಕದ ಕೇರಳವನ್ನು ಇಲ್ಲಿ ನೆನೆಯಬೇಕು. 2018ರ ಮಹಾನೆರೆಯ ನಂತರ ಆ ಸರ್ಕಾರ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಜಾಲದ ನೆರೆಹೊರೆ ಗುಂಪುಗಳ ಮೂಲಕ ನೆರೆಪೀಡಿತ ಸದಸ್ಯರಿಗೆ 1 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಸಾಲ ಕೊಡಿಸಿ, ಅದರ ಬಡ್ಡಿಯನ್ನು ತಾನೇ ಭರಿಸುವ ಯೋಜನೆ ತಂದಿತು. ಗುಂಪಿನ ಸದಸ್ಯರಲ್ಲದವರು ಅದರ ಹೊರಗೇ ಉಳಿದರೆಂಬುದು ನಿಜ. ಆದರೂ ಮನೆಸಾಮಾನು, ಹೊಲಿಗೆಯಂತ್ರ, ಸಣ್ಣ ವ್ಯಾಪಾರ ಮತ್ತೆ ಶುರುವಾಗಲು ಕೈಗೆ ದುಡ್ಡು ಬೇಕೆಂಬುದನ್ನು ಆ ಯೋಜನೆ ಗುರುತಿಸಿತು. ಎರ್ನಾಕುಳಂ ಜಿಲ್ಲೆಯ ಚೇಂದಮಂಗಲಂನಲ್ಲಿ ನೀರಿಗೆ ಸಿಕ್ಕಿ ಮಾರಲಾಗದಂತಾದ ಕೈಮಗ್ಗದ ಸೀರೆಗಳಿಂದ ಸ್ವಯಂಸೇವಕರು ‘ಚೇಕುಟ್ಟಿ’ ಗೊಂಬೆಗಳನ್ನು ಮಾಡಿ ಮಾರಿ ಆ ಹಣವನ್ನು ನೇಕಾರರಿಗೆ ತಲುಪಿಸಿದರು. ಅದು ಸರ್ಕಾರದ ಕೆಲಸವಲ್ಲ, ಜನರದ್ದು. ಆದರೆ ನೆರೆಯಲ್ಲಿ ಹಾಳಾದ ಬಟ್ಟೆಗೂ ಲೆಕ್ಕವಿದೆ, ಅದರ ಹಿಂದೆ ಒಬ್ಬರ ಕೂಲಿ ಇದೆ ಎಂಬುದು ಊರಿಗೇ ತಿಳಿದಿತ್ತು. ನಮ್ಮಲ್ಲಿ ಸ್ತ್ರೀಶಕ್ತಿ ಗುಂಪುಗಳೂ ಸಂಜೀವಿನಿ ಒಕ್ಕೂಟಗಳೂ ಹಳ್ಳಿಹಳ್ಳಿಯಲ್ಲಿವೆ. 2020ರಿಂದ ‘ನೇಕಾರ ಸಮ್ಮಾನ್’ ಹಣ ಪ್ರತಿವರ್ಷ ಕೈಮಗ್ಗ ನೇಕಾರರ ಖಾತೆಗೇ ಹೋಗುತ್ತಿರುವುದರಿಂದ ಯಾರ ಮನೆಯಲ್ಲಿ ಮಗ್ಗವಿದೆಯೆಂಬ ಪಟ್ಟಿಯೂ ಸರ್ಕಾರದ ಬಳಿಯೇ ಇದೆ. ನೀರು ಬಂದ ಊರುಗಳ ಪಟ್ಟಿಯನ್ನು ಅದರೊಂದಿಗೆ ಹೊಂದಿಸಿದರೆ ಅರ್ಜಿಯನ್ನೇ ಕೇಳದೆ ನೆರವು ಕಳಿಸಬಹುದು.

ಇತ್ತೀಚಿನ ಬದಲಾವಣೆಯೊಂದು ನನಗೆ ಆತಂಕ ತಂದಿದೆ. 2024ರಿಂದ ಪೂರ್ಣ ಬಿದ್ದ ಮನೆಗೆ 5 ಲಕ್ಷದ ಬದಲು ಮಾನದಂಡದ 1.20 ಲಕ್ಷ ರೂಪಾಯಿ ಮತ್ತು ವಸತಿ ಯೋಜನೆಯಡಿ ಒಂದು ಮನೆ ಎಂಬ ಕ್ರಮ ಬಂದಿದೆ. ಅನರ್ಹರಿಗೆ ದೊಡ್ಡ ಮೊತ್ತ ಹೋಗಬಾರದೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ವಸತಿ ಯೋಜನೆಯ ಮನೆ ನೇಕಾರನಿಗೆ ಕುಣಿ ತೋಡುವಷ್ಟು ನೆಲ, ರೈತನಿಗೆ ಎತ್ತು ಕಟ್ಟುವಷ್ಟು ಪಡಸಾಲೆ ಕೊಡದಿದ್ದರೆ ‘ಆಸರೆ’ಯ ಪಾಡೇ ಮರುಕಳಿಸುತ್ತದೆ.

ಈ ಸೇವೆಯನ್ನು ಮುಂದೆ ಬಳಸಬೇಕಾಗುವವರಿಗೆ ನನ್ನ ಸಲಹೆಯಿಷ್ಟು. ನೀರು ಇಳಿದ ಕೂಡಲೇ, ಕೆಸರು ತೆಗೆಯುವ ಮೊದಲೇ, ಗೋಡೆಯ ಪ್ರತಿ ಮೂಲೆಯ ಜೊತೆಗೆ ಮಗ್ಗ, ಯಂತ್ರ, ಅಂಗಡಿಯ ಮಾಲು, ಸತ್ತ ಜಾನುವಾರು ಎಲ್ಲದರ ಚಿತ್ರಗಳನ್ನು ದಿನಾಂಕ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಪಂಚನಾಮೆಗೆ ಸಹಿ ಹಾಕುವ ಮುನ್ನ ವರ್ಗದ ಅಕ್ಷರ ಯಾವುದೆಂದು ಕೇಳಿ, ಒಪ್ಪಿಗೆಯಾಗದಿದ್ದರೆ ಅಲ್ಲಿಯೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗೋಡೆ ನಂತರ ಬಿದ್ದರೆ ಅದೇ ದಿನ ಮತ್ತೊಂದು ಅರ್ಜಿ ಕೊಡಿ. ನೂಲು ಕೊಟ್ಟ ಮಾಲೀಕರಿಂದ ಹಾಸಿನ ಲೆಕ್ಕವನ್ನು ಬರೆಸಿಕೊಂಡು ಜವಳಿ ಇಲಾಖೆಯ ಕಚೇರಿಗೂ ಒಂದು ಪ್ರತಿ ಮುಟ್ಟಿಸಿ. ಗ್ರಾಮಸಭೆ ಕರೆದಾಗ ಮನೆಯ ಪಟ್ಟಿಯನ್ನು ಓದಿಸುವಂತೆಯೇ ಮಗ್ಗ ಮತ್ತು ಅಂಗಡಿಗಳ ಪಟ್ಟಿಯನ್ನೂ ಓದಿ ದಾಖಲಿಸಬೇಕೆಂದು ಒತ್ತಾಯಿಸಿ. ನಡವಳಿಯಲ್ಲಿ ಬರೆದದ್ದಕ್ಕೆ ಜಿಲ್ಲಾಡಳಿತ ಉತ್ತರ ಕೊಡಬೇಕಾಗುತ್ತದೆ.